ಅಕ್ಕನ ಕಾಲಿಗಾಗಿ ಅಮರಾಪುರದ ದಾರಿ

ಬೆಟ್ಟದ ಕೋಟೆಗೋಡೆಗೆ ಬಿಸಿಲು ಬೀಳುವ ಹೊತ್ತಿಗೆ ನಮ್ಮ ಇದ್ದಲಿನ ಬಸ್ಸು ರಾಯದುರ್ಗ ಬಿಟ್ಟಿತು. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದ ಕಾಲ. ಏರು ಬಂದಲ್ಲೆಲ್ಲ ನಾವು ಗಂಡಸರು ಇಳಿದು ನೂಕಿದೆವು. ನಾಗಮ್ಮಕ್ಕ ಮಾತ್ರ ಬಾತ ಕಾಲನ್ನು ಕಂಬಳಿಯ ಗಂಟಿನ ಮೇಲೆ ಚಾಚಿ, ತಾನೇ ಬಸ್ಸಿನ ಯಜಮಾನಿ ಎಂಬಂತೆ ಕೂತಿದ್ದಳು.

ಅವಳಿಗೆ ನಾರುಹುಣ್ಣು. ಮೆಟ್ಟಿಲು ಬಾವಿಯ ನೀರು ಕುಡಿಯುವ ನಮ್ಮ ಕಡೆ ಅದು ಹೊಸದಲ್ಲ. ಕಾಲಲ್ಲಿ ಗುಳ್ಳೆ ಎದ್ದು ಒಡೆದು, ದಾರದಂಥ ಹುಳ ಹೊರಬರುತ್ತದೆ; ಅದನ್ನು ಕಡ್ಡಿಗೆ ಸುತ್ತಿ ದಿನವೂ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ತಪ್ಪು ನನ್ನದು. ನಾವು ನೇಕಾರರು, ಎಳೆ ಸುತ್ತುವುದನ್ನು ನನಗೆ ಯಾರು ಹೇಳಿಕೊಡಬೇಕು ಎಂಬ ಜಂಬದಿಂದ ಹುಳದ ತುದಿಯನ್ನು ನೂಲು ಸುತ್ತುವ ಕಂಡಿಕೆಯ ಕಡ್ಡಿಗೆ ಸುತ್ತಿದೆ. ಮಗ್ಗದ ಕೈಗೆ ನಿಧಾನ ಗೊತ್ತಿಲ್ಲ, ನಾಲ್ಕನೆಯ ಸುತ್ತಿಗೆ ಅದು ತುಂಡಾಯಿತು. ನೂಲಾಗಿದ್ದರೆ ಗಂಟು ಹಾಕುತ್ತಿದ್ದೆ. ಉಳಿದ ಹುಳ ಒಳಗೇ ಕೊಳೆತು, ಕಾಲು ಮೊಣಕಾಲಿನವರೆಗೆ ಬಾತಿತು. ಊರಿನ ವೈದ್ಯರು ಕಾಲು ತೆಗೆಯಬೇಕಾದೀತು ಎಂದರು. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ತುಳಿದೇ ನನ್ನನ್ನು ಸಾಕಿದವಳು ಅಕ್ಕ. ಅಮರಾಪುರದ ಹತ್ತಿರ ಹನುಮಕ್ಕ ಎಂಬ ಕುರಿ ಸಾಕುವ ಹೆಂಗಸು ಇಂಥವನ್ನು ವಾಸಿ ಮಾಡುತ್ತಾಳೆಂದು ಕಂಬಳಿ ವ್ಯಾಪಾರಿಯೊಬ್ಬ ಹೇಳಿದ್ದೇ ತಡ, ಹೊರಟಿದ್ದೆವು.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿದೆವು. ಪಾವಗಡ ಮೈಸೂರು ಸೀಮೆ, ಮಡಕಶಿರಾ ಮತ್ತೆ ಮದರಾಸು ಸರ್ಕಾರದ್ದು. ಧೂಳು ಎರಡು ಕಡೆಯೂ ಒಂದೇ. ಛತ್ರದಲ್ಲಿ ತಂಗಿ, ಮರುದಿನವಿಡೀ ಎತ್ತಿನ ಗಾಡಿಯಲ್ಲಿ ಕಡಲೆಕಾಯಿ ಹೊಲಗಳ ನಡುವೆ ಹೋದೆವು. ಗಾಡಿ ಕುಲುಕಿದಾಗಲೆಲ್ಲ ಅಕ್ಕ ತುಟಿ ಕಚ್ಚುತ್ತಿದ್ದಳು, ನನ್ನನ್ನು ಮಾತ್ರ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಹನುಮಕ್ಕನ ಹಟ್ಟಿಯ ಮುಂದೆ ಬೇವಿನ ಮರದಡಿ ಎರಡು ಚಾಪೆ. ಒಂದರಲ್ಲಿ ಅಗಳಿ ಕಡೆಯ ಲಕ್ಷ್ಮಿ ಎಂಬ ಹುಡುಗಿ ನಾರುಹುಣ್ಣಿನ ಕಾಲು ಚಾಚಿ ಮಲಗಿದ್ದಳು. ಇನ್ನೊಂದು ಅಕ್ಕನಿಗಾಯಿತು. ಹನುಮಕ್ಕ ಬಿಸಿನೀರಿನ ಪಾತ್ರೆಯ ಮುಂದೆ ಮೊಣಕಾಲೂರಿ, ಕಣ್ಣು ಮುಚ್ಚಿ ಕೈ ಮುಗಿದು, ಆಮೇಲೆ ಅಕ್ಕನ ಕಾಲು ಮುಟ್ಟಿದಳು. ಯಾವ ದೇವರಿಗೆ ಎಂದು ಕೇಳಿದೆ.

"ನನ್ ದೇವ್ರು ಹೇಮಾವತಿ ಊರಿನ ಸಿದ್ದಪ್ಪ ಕಣಣ್ಣ. ನನ್ ಕಾಲು ಕೊಳ್ತಾಗ ಪಾದ್ರಿಗಳ ಆಸ್ಪತ್ರೇಲಿ ಒಬ್ರು ನರ್ಸಮ್ಮ ಹಿಂಗೇ ಮಂಡಿಯೂರಿ, ಅವ್ರ ದೇವ್ರಿಗೆ ಕೈ ಮುಗ್ದು ಕಾಲು ತೊಳೀತಿದ್ರು. ನನ್ ಕಾಲು ಯಾರೂ ಮುಟ್ಟಿರ್ಲಿಲ್ಲ. ಹಂಗೇ ಕಲ್ತ್‌ಬಿಟ್ಟೆ."

ಮಡಿ ಅಂದರೆ ಅಕ್ಕನಿಗೆ ಪ್ರಾಣ. ಬೇರೆಯವರ ಮನೆಯ ನೀರೂ ಮುಟ್ಟದವಳು ಊರಿಂದ ಅವಲಕ್ಕಿ ಕಟ್ಟಿ ತಂದಿದ್ದಳು. ಮೂರನೆಯ ದಿನಕ್ಕೆ ಗಂಟು ಬರಿದಾಯಿತು. ಹನುಮಕ್ಕ ಮುದ್ದೆ, ಹುರುಳಿ ಸಾರು ತಂದಿಟ್ಟಳು. ಅಕ್ಕ ಸ್ವಲ್ಪ ಹೊತ್ತು ತಟ್ಟೆ ನೋಡಿ, ಉಂಡು, ಇನ್ನಷ್ಟು ಸಾರು ಕೇಳಿದಳು. ನಾನು ನಕ್ಕೆ, ಬೈಸಿಕೊಂಡೆ. ಅದೇ ಮೊದಲ ಬೈಗುಳ, ಜೀವ ಬಂದಂತಾಯಿತು.

ನನ್ನ ಕೆಲಸ ನೀರು ತರುವುದು. ಹುಣ್ಣಿನ ಕಾಲಿನವರು ಯಾರೂ ಬಾವಿಗೆ ಇಳಿಯಕೂಡದು, ತಂದ ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸಬೇಕು. ಇದೂ ಆಸ್ಪತ್ರೆಯ ಪಾಠವೇ. ಬೇವಿನ ಶಾಖಕ್ಕೆ ಆರನೆಯ ದಿನ ಹುಣ್ಣು ಒಡೆದು ಕೀವು ಹರಿದು, ತುಂಡಾದ ಹುಳದ ತುದಿ ಕಂಡಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಹನುಮಕ್ಕ ಅದನ್ನು ಮೆಲ್ಲನೆ ಸರಿಸಿ, "ದಿನಕ್ಕೊಂದು ಬೆರಳಗಲ ಸಾಕು" ಎಂದಳು. ಒಂದು ಸುತ್ತು ಸುತ್ತಿ, ಕಡ್ಡಿಯನ್ನು ಬಟ್ಟೆಯಿಂದ ಕಾಲಿಗೇ ಕಟ್ಟಿದಳು. ಹದಿನೈದನೆಯ ದಿನ ಹುಳ ಪೂರ್ತಿ ಹೊರಬಂತು. ಬಾವು ಇಳಿಯಿತು. ಅಕ್ಕ ಎದ್ದು ನಿಂತಾಗ ನಾನು ಮರದ ಹಿಂದೆ ಹೋಗಿ ಅತ್ತೆ.

ಇನ್ನು ನಾಲ್ಕು ದಿನಕ್ಕೆ ಊರಿಗೆ ಹೊರಡಲು ಗಾಡಿ ಗೊತ್ತುಮಾಡಿದೆ. ಅಷ್ಟರಲ್ಲಿ ಮಂದೆಯನ್ನು ಮೇವಿಗೆ ಹೊಡೆದುಕೊಂಡು ಹೋಗುವ ಕಾಲ ಬಂತು. ಹನುಮಕ್ಕ ಹೋಗದೆ ವಿಧಿಯಿಲ್ಲ. ಲಕ್ಷ್ಮಿಯ ಕಾಲಲ್ಲಿ ಹುಳ ಇನ್ನೂ ಅರ್ಧ ಒಳಗಿತ್ತು. ನಾನು ಸುತ್ತುತ್ತೇನೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಹೊರಡುವ ಬೆಳಿಗ್ಗೆ ಗಾಡಿ ಕಟ್ಟಿಸಿ ಬಂದು ನೋಡಿದರೆ, ಅಕ್ಕ ಬಿಸಿನೀರಿನ ಪಾತ್ರೆಯ ಮುಂದೆ ಮೊಣಕಾಲೂರಿ ಲಕ್ಷ್ಮಿಯ ಕಾಲು ತೊಳೆಯುತ್ತಿದ್ದಳು. ಹುಡುಗಿಯ ಜಾತಿ ಯಾವುದೆಂದು ಅವಳು ಕೇಳಿರಲಿಲ್ಲ. ಮಗ್ಗ ನಿಂತು ತಿಂಗಳಾಗುತ್ತ ಬಂತು ಎಂದು ನೆನಪಿಸಿದೆ.

"ನೀ ಹೋಗೋ ತಮ್ಮ," ಎಂದಳು. "ಈಕಿ ಹುಳ ಇನ್ನಾ ಗೇಣುದ್ದ ಒಳಗೈತಿ. ನಾ ಹೆಂಗ ಬರ್ಲಿ?"

ಎಲ್ಲಿಗೆ ಹೊರಟರೂ ಅಕ್ಕನ ಕಾಲಿಗೆ ನಮಸ್ಕರಿಸುವುದು ನಮ್ಮ ರೂಢಿ. ವಾಸಿಯಾದ ಆ ಕಾಲನ್ನು ಮುಟ್ಟಿ ತಲೆ ಬಾಗಿಸಿಯೇ ಕಾದೆ. ಹರಸಲು ಅವಳ ಕೈಗೆ ಬಿಡುವಿರಲಿಲ್ಲ.