ಕೈಗೆ ಸೂಜಿ, ಮೈಗೆ ಗೌನು

ದೇವನಹಳ್ಳಿ ಕಡೆ ಒಂದು ಆಸ್ಪತ್ರೆಯಲ್ಲಿ ಡ್ರಿಪ್ ಹಾಕೋಕೆ ರೋಗಿಗಳನ್ನ ತಯಾರು ಮಾಡೋದು ನನ್ನ ಕೆಲಸ. ಸೂಜಿ ಚುಚ್ಚೋ ಮುಂಚೆ ಎಲ್ಲರಿಗೂ ಬೆನ್ನಿಗೆ ದಾರ ಕಟ್ಟೋ ಹಸಿರು ಗೌನು ಹಾಕಿಸಬೇಕು ಅನ್ನೋದು ಅಲ್ಲಿನ ರೂಲ್ಸು.

ಚನ್ನರಾಯಪಟ್ಟಣ ಹೋಬಳಿಯಿಂದ ಬಂದಿದ್ದ ಮುನಿಯಮ್ಮ ಆ ಗೌನನ್ನ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸೂಜಿ ಎಲ್ಲಿಗಮ್ಮ ಚುಚ್ಚೋದು?"

"ಕೈಗೆ."

"ಮತ್ತೆ ಸೀರೆ ಯಾಕೆ ಬಿಚ್ಲಿ?"

ರಕ್ತ ತೀರಾ ಕಮ್ಮಿಯಾಗಿ ಹೊಲದಲ್ಲೇ ತಲೆ ಸುತ್ತಿ ಬಿದ್ದಿದ್ದ ಹೆಂಗಸು. ಡ್ರಿಪ್ ಹಾಕದೆ ಕಳಿಸೋ ಹಾಗಿರಲಿಲ್ಲ. ಅಷ್ಟರಲ್ಲಿ ನಮ್ಮ ಸೂಪರ್‌ವೈಸರ್ ಮೇಡಂ ಬಂದು, "ಗೌನು ಹಾಕ್ಕೊಳ್ಳಲ್ಲ ಅಂದ್ರೆ ಮನೆಗೆ ಹೋಗಿ" ಅಂದುಬಿಟ್ಟರು.

ಮುನಿಯಮ್ಮ ಸೆರಗನ್ನ ಸೊಂಟಕ್ಕೆ ಸಿಕ್ಕಿಸಿ, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಜಮೀನು ಬಿಡಿ ಅಂತ ಸರ್ಕಾರದೋರು ಬಂದಾಗ್ಲೂ ಹಿಂಗೇ ಕೂತಿದ್ದೋಳು ಕಣಮ್ಮ ನಾನು. ಅವತ್ತೂ ಎದ್ದಿಲ್ಲ, ಇವತ್ತೂ ಏಳಲ್ಲ" ಅಂತ ನನ್ನ ಕಡೆ ತೋಳು ಚಾಚಿದರು.

ನಾನು ಮೇಡಂ ಕಡೆ ತಿರುಗಿ ನೋಡಲೇ ಇಲ್ಲ. ನರ ಹುಡುಕಿ ಸೂಜಿ ಚುಚ್ಚಿದೆ.

ಅವತ್ತಿನಿಂದ ಗೌನುಗಳೆಲ್ಲಿ ಅಂತ ಮೇಡಂ ಕೇಳಿದಾಗಲೆಲ್ಲ, ಒಗೆಯೋಕೆ ಹೋಗಿವೆ ಅಂತೀನಿ. ಪಾಪ, ಇನ್ನೂ ಒಣಗಿಲ್ಲ.