ಸುಕ್ಕು ನೋಡುವ ಮಂಗಳವ್ವ

ಅಗಡಿಯ ಮಂಗಳವ್ವನಿಗೆ ಗಾಲಿ ಎಂದರೆ ಭಯ. ಹಾವಿಗೆ ಹೆದರುವವರ ಕಷ್ಟ ಊರಿಗೆ ಅರ್ಥವಾಗುತ್ತದೆ, ದೆವ್ವಕ್ಕೆ ಹೆದರುವವರಿಗೆ ಒಂದು ತಾಯತವನ್ನಾದರೂ ಕಟ್ಟಿಸುತ್ತಾರೆ. ಗಾಲಿಗೆ ಹೆದರುವ ಹೆಂಗಸನ್ನು ಏನು ಮಾಡಬೇಕೆಂದು ತಿಳಿಯದೆ ಎಲ್ಲರೂ ನಕ್ಕು ಸುಮ್ಮನಾಗಿದ್ದರು. ಆಕೆ ಮಾತ್ರ ಬಸ್ಸು ಹತ್ತುವ ಮುನ್ನವೂ ಬಗ್ಗಿ ಗಾಲಿ ನೋಡುತ್ತಿದ್ದಳು. ಕಂಡಕ್ಟರ್ ಬೈದರೆ ಬೈಸಿಕೊಳ್ಳುತ್ತಿದ್ದಳು.

ಆಕೆಯ ಕೆಲಸವೋ, ಗಾಲಿಯಿಲ್ಲದೆ ನಡೆಯುವಂಥದ್ದಲ್ಲ. ಮೆಣಸಿನಕಾಯಿಯ ಹಂಗಾಮಿನಲ್ಲಿ ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ದಿನವೂ ಹೆದ್ದಾರಿ ಹಿಡಿದು ಬ್ಯಾಡಗಿಗೆ ಹೋಗಬೇಕು. ಅಲ್ಲಿ ಸಂಜೆಯ ತನಕ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸಬೇಕು. ಇಪ್ಪತ್ತೈದು ವರ್ಷ ಅದನ್ನೇ ಮಾಡಿದ ಆಕೆಯ ಬೆರಳಿಗೆ ಕಣ್ಣಿಗಿಂತ ಹೆಚ್ಚು ಗೊತ್ತಿತ್ತು. ಹೋದ ವರ್ಷದ ಮಾಲಿಗೆ ಎಣ್ಣೆ ಸವರಿ ಹೊಸದೆಂದು ರಾಶಿ ಹಾಕಿದ್ದರೆ, ಸೆರಗಿನ ತುದಿಯಿಂದ ಒಂದು ಕಾಯಿ ಒರೆಸಿ, ಹೆಬ್ಬೆರಳಿನಿಂದ ಬಗ್ಗಿಸಿ, "ಇದು ಕೋಲ್ಡ್ ಸ್ಟೋರೇಜ್ ಮಾಲ" ಎಂದುಬಿಡುತ್ತಿದ್ದಳು. ದಲಾಲರು ಆಕೆ ಬಂದರೆ ಬೇರೆ ಕಡೆ ನೋಡುತ್ತಿದ್ದರು.

ಭಯ ಹುಟ್ಟಿದ್ದು ಮೂರು ವರ್ಷದ ಹಿಂದೆ. ಹೆಂಗಸರನ್ನು ಒಯ್ಯುತ್ತಿದ್ದ ಟೆಂಪೋದ ಗಾಲಿ ಮೋಟೆಬೆನ್ನೂರಿನ ಹತ್ತಿರ ಒಡೆದು, ಗಾಡಿ ಗಟಾರಕ್ಕೆ ಬಿತ್ತು. ಹಲವರಿಗೆ ಕೈಕಾಲು ಮುರಿಯಿತು. ಮಂಗಳವ್ವನ ತಂಗಿ ಜಯವ್ವ ಸತ್ತಳು. ಅಂದು ಜ್ವರವೆಂದು ಮನೆಯಲ್ಲಿ ಉಳಿದಿದ್ದ ಮಂಗಳವ್ವನೇ ತಂಗಿಯನ್ನು ಟೆಂಪೋ ಹತ್ತಿಸಿ ಬಂದವಳು. ಜಯವ್ವನ ಮಗಳು ಶೀಲಾ ಆಮೇಲೆ ದೊಡ್ಡವ್ವನ ಮನೆಯಲ್ಲೇ ಬೆಳೆದಳು. ಈಗ ಹದಿನೆಂಟು ತುಂಬಿ, ಬರುವ ಸೋಮವಾರದಿಂದ ತಾನೂ ಬ್ಯಾಡಗಿಗೆ ಬರುವೆನೆಂದು ಹಟ ಹಿಡಿದಿದ್ದಳು. ಬೇಡವೆನ್ನಲು ಮಂಗಳವ್ವನ ಬಳಿ ಕಾರಣವಿರಲಿಲ್ಲ, ಇದ್ದ ಕಾರಣವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಅದೇ ಹೊತ್ತಿಗೆ ಊರಿನ ಚಂದ್ರಪ್ಪ, ಮಿಲಿಟರಿಯವರು ಹರಾಜಿಗೆ ಹಾಕಿದ ಜೋಂಗಾ ಎಂಬ ಗಾಡಿಯನ್ನು ತಂದ. ಜೀಪಿಗಿಂತ ಅಗಲ, ಹಸಿರು ಬಣ್ಣ, ಹಿಂದೆ ಎದುರುಬದುರು ಎರಡು ಬೆಂಚು. ಅದರಲ್ಲಿ ಹೆಂಗಸರನ್ನು ಬ್ಯಾಡಗಿಗೆ ಸಾಗಿಸುವುದು ಅವನ ಲೆಕ್ಕಾಚಾರ. ಮೊದಲ ಬಸ್ಸು ಮುಟ್ಟುವ ಹೊತ್ತಿಗೆ ಅಲ್ಲಿ ಕೆಲಸ ಹಂಚಿ ಮುಗಿದಿರುತ್ತಿದ್ದರಿಂದ ಹೆಂಗಸರಿಗೂ ಅದು ಬೇಕಿತ್ತು. ಆದರೆ ಮಂಗಳವ್ವ ಹೂಂ ಅನ್ನದೆ ಯಾರೂ ಹತ್ತುವುದಿಲ್ಲ ಎಂದರು. ಗಾಡಿಯ ನಾಲ್ಕೂ ಟಾಯರುಗಳೋ ಬೋಳು ತಲೆಯಾಗಿದ್ದವು.

"ರಾಣೇಬೆನ್ನೂರಾಗ ಹೊಸಾವು ಹಾಕಸ್ತೇನಿ. ನೀನ ಬಂದು ನೋಡಬೇ, ಆಮ್ಯಾಲೆ ಸುಮ್ಮನ ಕುಂದ್ರು" ಎಂದ ಚಂದ್ರಪ್ಪ. ಚಪ್ಪಲಿ ಕೊಳ್ಳಬೇಕೆಂದು ಶೀಲಾಳೂ ಹೊರಟಳು.

ಆ ಬೋಳು ಗಾಲಿಗಳ ಮೇಲೆ ರಾಣೇಬೆನ್ನೂರು ಮುಟ್ಟುವ ತನಕ ಮಂಗಳವ್ವನ ಜೀವ ಕೈಯಲ್ಲಿತ್ತು. ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ಕಾಲ. ಎಲ್ಲಿ ನೋಡಿದರೂ ಜಲ್ಲಿಯ ರಾಶಿ, ಅಡ್ಡದಾರಿ. ಮೋಟೆಬೆನ್ನೂರು ದಾಟುವಾಗ ಆಕೆ ಕಣ್ಣು ಮುಚ್ಚಿಕೊಂಡು ಶೀಲಾಳ ಕೈ ಹಿಡಿದಳು. "ನೋಯತೈತಿ ದೊಡ್ಡವ್ವ, ಬಿಡು" ಎಂದಳು ಹುಡುಗಿ.

ಇಸ್ಮಾಯಿಲಸಾಬರ ಅಂಗಡಿಯಲ್ಲಿ ಎರಡು ಬಗೆಯ ಟಾಯರು ಇದ್ದವು. ಒಂದು, ಕಾರ್ಖಾನೆಯಿಂದ ಬಂದ ಸಾದಾ ರಸ್ತೆ ಟಾಯರು. ಗೆರೆ ಸಣ್ಣವು, ನೋಡಲು ಗತ್ತಿಲ್ಲ. ಇನ್ನೊಂದು, ಮಿಲಿಟರಿ ಗೋದಾಮಿನ ಹರಾಜಿನಿಂದ ಬಂದದ್ದು. ಒಂದು ದಿನವೂ ರಸ್ತೆ ಕಾಣದ ಮಾಲು, ಬೆಲ್ಲದ ಅಚ್ಚಿನಷ್ಟು ದಪ್ಪ ಹಲ್ಲು, ಕರ್ರಗೆ ಮಿರಮಿರ ಮಿಂಚುತ್ತಿತ್ತು. ಚಂದ್ರಪ್ಪ ಅದರ ಮೇಲೆ ಕೈಯಾಡಿಸಿದ್ದೇ ತಡ, ಅವನ ಮುಖ ಮದುಮಗನ ಮುಖವಾಯಿತು.

"ಮಿಲಿಟರಿ ಗಾಡಿಗೆ ಮಿಲಿಟರಿ ಟಾಯರ ಬೇಕು. ಎರಿ ಹೊಲದ ಕೆಸರಾಗೂ ಹೊಕ್ಕು ಬರತಾವ."

"ಹೊಲಕ್ಕ ನಾವು ಹೋಗಂಗಿಲ್ಲಲ್ಲೋ" ಎಂದಳು ಮಂಗಳವ್ವ. ಯಾರೂ ಕೇಳಿಸಿಕೊಳ್ಳಲಿಲ್ಲ.

ಆಕೆ ಟಾಯರಿನ ಮುಂದೆ ಕೂತಳು. ಮುಟ್ಟಲು ಕೈ ಬರಲಿಲ್ಲ. ಮುಟ್ಟಿದರೆ ತಿಳಿಯುತ್ತದೆ, ತಿಳಿದರೆ ಹೇಳಬೇಕಾಗುತ್ತದೆ. ಕೊನೆಗೆ ಸೆರಗಿನ ತುದಿಯನ್ನು ಪಂಚರ್ ನೋಡುವ ತೊಟ್ಟಿಯ ನೀರಿಗೆ ಅದ್ದಿ ಟಾಯರಿನ ಪಕ್ಕೆಯನ್ನು ಒರೆಸಿದಳು. ಸೆರಗು ಕಪ್ಪಾಯಿತು, ಮಿಂಚು ಹೋಯಿತು. ಹಲ್ಲಿನ ಬುಡದಲ್ಲಿ ಹೆಬ್ಬೆರಳಿಟ್ಟು ಮೈಭಾರ ಬಿಟ್ಟು ಒತ್ತಿದಳು. ಕೂದಲೆಳೆಯಂಥ ಸುಕ್ಕುಗಳು ಬಾಯಿ ತೆರೆದವು.

"ಚಂದ್ರಪ್ಪ, ಇದು ಕೋಲ್ಡ್ ಸ್ಟೋರೇಜ್ ಮಾಲೋ."

ಚಂದ್ರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದೇನ ಮೆಣಸಿನಕಾಯೇನಬೇ? ಮತ್ತ ಸುಕ್ಕು ಇದ್ದಷ್ಟ ಚಲೋ ಅಂತ ನೀವ ಹೇಳ್ತೀರಲ್ಲ."

ಅದು ನಿಜ. ಬ್ಯಾಡಗಿಯಲ್ಲಿ ಮೈತುಂಬ ಸುಕ್ಕಿರುವ ಕಾಯಿಗೇ ಮರ್ಯಾದೆ. ನುಣ್ಣಗಿನ ಕಾಯಿಯನ್ನು ಕೇಳುವವರಿಲ್ಲ. ಆದರೆ ಅದೇ ಚೇಷ್ಟೆಯನ್ನು ಮಂಗಳವ್ವ ಹಿಂದೊಮ್ಮೆ ತಾನೇ ಆಡಿದ್ದಳು. ಶೀಲಾ ಹೊಸ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅದನ್ನು ಹೇಳಿದರೆ ಹುಡುಗಿ ಕೈಬಿಟ್ಟು ಹೋಗುತ್ತಾಳೆ. ಹೇಳದಿದ್ದರೆ ಸೋಮವಾರ ಇದೇ ಗಾಲಿಯ ಮೇಲೆ ಕೂರುತ್ತಾಳೆ. ಈ ಎರಡು ಭಯಗಳಲ್ಲಿ ದೊಡ್ಡದು ಯಾವುದೆಂದು ತೂಗಿ ನೋಡಲು ಹೊತ್ತಿರಲಿಲ್ಲ. ಚಂದ್ರಪ್ಪ ಆಗಲೇ ಟಾಯರು ಉರುಳಿಸುತ್ತಿದ್ದ.

"ಆವತ್ತು ನಾನೂ ನಿನ್ನಂಗ ಅಂದಿದ್ದೆ" ಎಂದಳು ಮಂಗಳವ್ವ. "ಜಯವ್ವನ್ನ ಟೆಂಪೋ ಹತ್ತಿಸೋ ಮುಂದ ಗಾಲಿ ಮ್ಯಾಲೆ ಇಂಥವ ಸುಕ್ಕು ಕಂಡ್ವು. ಬೆರಳಿಟ್ಟು ನೋಡೇನಿ. ನೋಡಿ, 'ಟಾಯರ ಪಕ್ಕಾ ಬ್ಯಾಡಗಿ ಮಾಲು ಐತೆಲೇ ತಂಗಿ, ಎಷ್ಟ ಚಂದ ಸುಕ್ಕು' ಅಂತ ಚಾಷ್ಟಿ ಮಾಡೇನಿ. ಅಕಿ ನಕ್ಕೋತ ಹತ್ತಿದ್ಲು."

ಇಸ್ಮಾಯಿಲಸಾಬರು ಬಂದು, ಕನ್ನಡಕ ಏರಿಸಿ, ಮಂಗಳವ್ವ ಒತ್ತಿದ್ದ ಜಾಗವನ್ನು ತಾವೂ ಒತ್ತಿ ನೋಡಿದರು.

"ಅಕ್ಕಾರು ಹೇಳೂದು ಖರೇ ಐತ್ರಿ" ಎಂದರು. "ಹಲ್ಲು ಸವದಿಲ್ಲ, ಆದರ ರಬ್ಬರಿಗೆ ವಯಸ್ಸಾಗೈತಿ. ಗೋದಾಮಿನ್ಯಾಗ ಎಷ್ಟ ವರ್ಷ ಬಿದ್ದಿದ್ವೋ ಏನೋ. ನಾನೂ ಹಲ್ಲ ನೋಡಿ ತಂದೆ." ಅವರೇ ಸಾದಾ ಟಾಯರುಗಳನ್ನು ಈಚೆ ಉರುಳಿಸಿದರು. ಚಂದ್ರಪ್ಪ ತಕರಾರು ಮಾಡಲಿಲ್ಲ. ನಾಲ್ಕು ಗಾಲಿಗಳಿಗೆ ನಾಲ್ಕು ಹೊಸ ಟಾಯರು ಬಿದ್ದವು.

ವಾಪಸು ಬರುವಾಗ ಶೀಲಾ ಮುಂದೆ ಕೂರದೆ ಹಿಂದಿನ ಬೆಂಚಿಗೆ ಹೋದಳು. ಮನೆಯಲ್ಲಿ ಎರಡು ದಿನ ಒಂದು ಮಾತೂ ಆಡಲಿಲ್ಲ. ಬಡಿಸಿದ್ದನ್ನು ಉಂಡಳು, ತಾಟು ತೊಳೆದಿಟ್ಟಳು, ಗೋಡೆಗೆ ಮುಖ ಮಾಡಿ ಮಲಗಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಮಂಗಳವ್ವ ಒಲೆಯ ಮುಂದೆ ಕೂತು ಅತ್ತಳು.

ಸೋಮವಾರ ಬೆಳಿಗ್ಗೆ ಹೆಂಗಸರೆಲ್ಲ ಬುತ್ತಿ ಹಿಡಿದು ಜೋಂಗಾ ಹತ್ತಿದರು. ಮಂಗಳವ್ವ ನಾಲ್ಕೂ ಗಾಲಿಗಳನ್ನು ಒತ್ತಿ ನೋಡಿ, ಚಂದ್ರಪ್ಪನ ಪಕ್ಕ ಕೂತು, ಕಂಬಿ ಹಿಡಿದುಕೊಂಡಳು. ಶೀಲಾ ಬರುವಳೋ ಇಲ್ಲವೋ ಗೊತ್ತಿರಲಿಲ್ಲ. ಚಂದ್ರಪ್ಪ ಎರಡು ಸಲ ಹಾರ್ನ್ ಹೊಡೆದ ಮೇಲೆ ಹುಡುಗಿ ಬಂದಳು. ಹತ್ತಲಿಲ್ಲ. ಮುಂದಿನ ಗಾಲಿಯ ಪಕ್ಕ ಕೂತು ಹೆಬ್ಬೆರಳಿನಿಂದ ಒತ್ತಿದಳು. ಎದ್ದು ಎರಡನೆಯದಕ್ಕೆ ಹೋದಳು, ಮೂರನೆಯದಕ್ಕೆ ಹೋದಳು. ಹೆಂಗಸರು ಮುಸಿಮುಸಿ ನಕ್ಕರು. "ಇನ್ನೊಬ್ಬಾಕಿ ಹುಟ್ಟಿದ್ಲು ನೋಡ್ರೇ" ಎಂದು ಯಾರೋ ಅಂದರು.

ನಾಲ್ಕನೆಯದನ್ನು ಒತ್ತಿ ಮುಗಿಸಿ ಶೀಲಾ ಗಾಡಿಯ ಹಿಂದೆ ಹೋದಳು. ಅಲ್ಲಿ ಸ್ಟೆಪ್ನಿ ತೂಗುಹಾಕಿತ್ತು. ಮಂಗಳವ್ವ ಅದನ್ನು ಮರೆತೇ ಬಿಟ್ಟಿದ್ದಳು. ಹರಾಜಿನಲ್ಲಿ ಗಾಡಿಯ ಜೊತೆ ಬಂದಿದ್ದ ಐದನೆಯ ಗಾಲಿ ಅದು, ಒಮ್ಮೆಯೂ ರಸ್ತೆಗೆ ಇಳಿಯದ ಅದರ ದಪ್ಪ ಹಲ್ಲು ಇನ್ನೂ ಹಾಗೇ ಇದ್ದವು.

ಆಮೇಲೆ, ಎರಡು ದಿನಗಳ ಮೇಲೆ ಮೊದಲ ಸಲ, ಹುಡುಗಿ ಕರೆದಳು.

"ದೊಡ್ಡವ್ವ, ಇಳದು ಬಾ. ಇದರಾಗ ಸುಕ್ಕು ಅದಾವ."

ಮಂಗಳವ್ವ ಕಂಬಿ ಬಿಟ್ಟು ಇಳಿದಳು. ಹಿಂದೆ ಬಂದು, ಶೀಲಾಳ ಹೆಬ್ಬೆರಳಿನ ಪಕ್ಕದಲ್ಲಿ ತನ್ನ ಹೆಬ್ಬೆರಳಿಟ್ಟು ಒತ್ತಿದಳು.

"ಇಳೀರವ್ವಾ ಎಲ್ಲಾರೂ" ಎಂದಳು. "ಹಾದ್ಯಾಗ ಪಂಚರ್ ಆದ್ರ ಇದ ಗಾಲಿ ಮ್ಯಾಲೆ ಹೋಗಬೇಕಾಗತೈತಿ. ಇವತ್ತ ಬಸ್ಸಿಗೆ ಹೋಗೂಣು."