ರೊಟ್ಟಿ ಬಡಿಯುವ ಸದ್ದು ನಿಂತಾಗ

ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ಮುಗಿದ ಮರುವರ್ಷ, ಮೇ ತಿಂಗಳು. ಎರಡು ದಿನದಿಂದ ದೂಳುಗಾಳಿ ಬೀಸುತ್ತಿತ್ತು. ಹೋಟೆಲುಗಳ ಎಸಿ, ಫ್ಯಾನುಗಳನ್ನು ನೋಡಿಕೊಳ್ಳುವ ಕಂಪನಿಯೊಂದರಲ್ಲಿ ನಾನು ಸೂಪರ್‌ವೈಸರ್. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ದೂಳು ಎದ್ದರೆ ಊರಿಗೆಲ್ಲ ಒಮ್ಮೆಲೇ ಫಿಲ್ಟರ್ ಬದಲಿಸಬೇಕು. ಸರಿಯಾಗಿ ಮಲಗದೆ ಎರಡು ದಿನವಾಗಿತ್ತು. ಅಂದಿನ ನಾಲ್ಕನೆಯ ಕರೆ ಬಂದದ್ದು ದೋಹಾದ ಅಲ್ ಅಜೀಜಿಯಾ ಬಡಾವಣೆಯ ಅರ್ಮೇನಿಯನ್ ಕುಟುಂಬದ ರೆಸ್ಟೊರೆಂಟಿನಿಂದ.

ಅವರು ನನಗೆ ಹೊಸಬರಲ್ಲ. ಮಾಲೀಕರು ಹಾಗೋಪ್. ಅವರ ತಾಯಿ ಸಿರಾನುಷ್, ಎಪ್ಪತ್ತು ದಾಟಿದವರು. ಸಿರಾನುಷ್ ಅವರ ಮಾವ ಸಿರಿಯಾದ ಅಲೆಪ್ಪೊದಲ್ಲಿ ರೊಟ್ಟಿ ಅಂಗಡಿ ಹಾಕಿದ್ದರಂತೆ. ಯುದ್ಧ ಬಂದಾಗ ಮನೆಯವರೆಲ್ಲ ಬೈರೂತಿಗೆ ಹೋದರು, ಅಲ್ಲಿಂದ ದೋಹಾಕ್ಕೆ. ಮೊದಲು ಇಲ್ಲಿನ ನಜ್ಮಾ ಬಡಾವಣೆಯಲ್ಲಿ ಮೂರು ಮೇಜಿನ ಅಂಗಡಿ, ಆಮೇಲೆ ಈ ವಿಲ್ಲಾ. ಊರು ಬಿಡುವಾಗಲೆಲ್ಲ ಹಳೆಯ ಒಲೆಯನ್ನು ಒಡೆದು ಒಂದು ತುಂಡು ತರುತ್ತಿದ್ದರು. ಅದನ್ನು ಪುಡಿ ಮಾಡಿ ಹೊಸ ಒಲೆಯ ಮಣ್ಣಿಗೆ ಕಲಸುತ್ತಿದ್ದರು. ತೊನೀರ್ ಎಂದು ಆ ಒಲೆಯ ಹೆಸರು. ಕಟ್ಟೆಯೊಳಗೆ ಹೂತ ದೊಡ್ಡ ಮಣ್ಣಿನ ಹಂಡೆ, ತಳದಲ್ಲಿ ಇದ್ದಿಲ ಕೆಂಡ, ಮೇಲೆ ಚಿಮಣಿ. ತೆಳ್ಳಗೆ ಎಳೆದ ಹಿಟ್ಟನ್ನು ದಿಂಬಿನ ಮೇಲೆ ಹರಡಿ, ಸೊಂಟದವರೆಗೆ ಬಾಗಿ ಒಳಗೋಡೆಗೆ ಬಡಿಯಬೇಕು. ಈ ಕೆಲಸವನ್ನು ಸಿರಾನುಷ್ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಗಾಳಿಗೆ ಹಿಟ್ಟು ಒಣಗುತ್ತದೆಂದು ಅಡುಗೆಮನೆ ಪಕ್ಕದ ರೊಟ್ಟಿ ಕೋಣೆಯ ಬಾಗಿಲನ್ನೂ ಮುಚ್ಚಿಕೊಳ್ಳುತ್ತಿದ್ದರು.

“ಬನ್ನಿ ಶೆಟ್ರೆ, ಅಜ್ಜಿ ಭಾರಿ ಗರಂ ಇದ್ದಾರೆ,” ಎಂದ ಅಶ್ರಫ್. ಉಪ್ಪಿನಂಗಡಿಯವನು, ಅಲ್ಲಿಯ ಮುಖ್ಯ ಅಡುಗೆಯವ. “ಹಿಟ್ಟಿನ ಮೇಲೆಲ್ಲ ದೂಳು. ನಿಮ್ಮನ್ನೇ ಒಲೆಗೆ ಬಡೀತಾರೋ ಏನೋ.”

ಸಿರಾನುಷ್ ತಲೆ ಮೇಲಿನ ಗಾಳಿಕಿಂಡಿ ತೋರಿಸಿ ಅರಬ್ಬಿಯಲ್ಲಿ ಅಂದರು, “ನಿಲ್ಲಿಸು ಇದನ್ನು.”

ಅದು ಹೊರಗಿನ ಗಾಳಿಯನ್ನು ಒಳಕ್ಕೆ ತಳ್ಳುವ ಫ್ಯಾನು. ಅಡುಗೆಮನೆಯ ದೊಡ್ಡ ಫ್ಯಾನು ಒಳಗಿನ ಹೊಗೆಯನ್ನು ಹೊರಗೆ ಎಳೆಯುತ್ತದೆ. ಮೊದಲನೆಯದನ್ನು ನಿಲ್ಲಿಸಿ ಎರಡನೆಯದನ್ನು ಓಡಲು ಬಿಟ್ಟರೆ, ಅದು ಬಾಗಿಲ ಸಂದಿಯ ಮೂಲಕ, ಗಾಳಿಗಾಗಿ ಒಲೆಯ ಚಿಮಣಿಯಿಂದಲೇ ಹಿಮ್ಮುಖವಾಗಿ ಎಳೆಯುತ್ತದೆ. ಕೆಂಡದ ವಿಷಗಾಳಿ ಕೋಣೆ ತುಂಬುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಇದೆಲ್ಲ ನನಗೆ ಗೊತ್ತಿತ್ತು.

“ಫಿಲ್ಟರ್ ಬದಲಿಸುವ ತನಕ ದೊಡ್ಡ ಫ್ಯಾನೂ ನಿಲ್ಲಿಸಬೇಕು ಅಶ್ರಫ್,” ಎಂದೆ.

“ಎಂತ ಮಾರಾಯ್ರೆ, ಲಂಚ್ ಟೈಮು. ಹೊಗೆಯಲ್ಲಿ ನಾವೇ ಕಬಾಬ್ ಆಗ್ತೇವೆ. ಹತ್ತು ನಿಮಿಷದ ಕೆಲಸ ಅಲ್ವಾ? ಯಲ್ಲಾ, ಬೇಗ ಮುಗಿಸಿ.”

ವಾದ ಮಾಡುವ ಶಕ್ತಿ ಇರಲಿಲ್ಲ. ಕೋಣೆಯ ಫ್ಯಾನು ಮಾತ್ರ ನಿಲ್ಲಿಸಿ ತಾರಸಿಗೆ ಹತ್ತಿದೆ.

ತಂದ ಫಿಲ್ಟರ್ ಅಳತೆಗೆ ದೊಡ್ಡದಾಗಿತ್ತು. ವ್ಯಾನಿಗೆ ಇಳಿದೆ, ಹುಡುಕಿದೆ, ಮತ್ತೆ ಹತ್ತಿದೆ. ನಡುವೆ ಮೆಟ್ಟಿಲ ಮೇಲೆ ಕುಳಿತು ನೀರು ಕುಡಿದೆ. ಹೀಗೆ ಅರ್ಧ ಗಂಟೆಯೇ ಆಗಿರಬೇಕು. ಕೊನೆಗೆ ಫಿಲ್ಟರನ್ನೇ ಕತ್ತರಿಸೋಣವೆಂದು ಕತ್ತರಿ ಕೇಳಲು ಅಡುಗೆಮನೆಗೆ ಬಂದೆ.

“ಅಜ್ಜಿದು ಖಲಾಸ್ ಆಯ್ತು ಕಾಣ್ತದೆ,” ಎಂದ ಅಶ್ರಫ್, ಮಾಂಸ ಮಗುಚುತ್ತಾ. “ಬಡಿಯುವ ಸದ್ದೇ ಇಲ್ಲ. ಇನ್ನೂ ಮೂವತ್ತು ರೊಟ್ಟಿ ಬೇಕಿತ್ತು.”

ಗೋಡೆಯಾಚೆಯ ಆ ಪಟ್ ಪಟ್ ಸದ್ದಿನಿಂದಲೇ ಅಡುಗೆಯವರು ರೊಟ್ಟಿ ಲೆಕ್ಕ ಹಿಡಿಯುತ್ತಿದ್ದರು. ಓಡಿ ಬಾಗಿಲು ತಳ್ಳಿದೆ.

ಸಿರಾನುಷ್ ಕಟ್ಟೆಯ ಮೇಲೆ ಬೋರಲು ಬಿದ್ದಿದ್ದರು. ತಲೆ, ಎರಡೂ ಕೈ ಒಲೆಯ ಬಾಯೊಳಗಿದ್ದವು. ತಲೆವಸ್ತ್ರದ ಅಂಚು ಕರಕಲಾಗುತ್ತಿತ್ತು. ಬೆನ್ನ ಮೇಲಿನ ಏಪ್ರನ್ ಗಂಟು ಹಿಡಿದೆಳೆದೆ. ಗಂಟು ಬಿಚ್ಚಿ ಕೈಗೆ ಬಂತು, ಅವರು ಇನ್ನಷ್ಟು ಒಳಕ್ಕೆ ಜಾರಿದರು. ಈಗಲೂ ಎಷ್ಟೋ ಸಲ ನನ್ನ ಕಣ್ಣಮುಂದೆ ಅದೊಂದೇ ಕ್ಷಣ ನಡೆಯುತ್ತದೆ. ಸೊಂಟಕ್ಕೆ ತೋಳು ಸುತ್ತಿ ಎಳೆದೆ. ಅಶ್ರಫ್ ಬಂದು ಕಾಲು ಹಿಡಿದ. ಹಿತ್ತಲಿಗೆ ಹೊತ್ತು ಆ ದೂಳಿನಲ್ಲೇ ಮಲಗಿಸಿದೆವು. ಅಷ್ಟರಲ್ಲೇ ನನ್ನ ತಲೆ ಸಿಡಿಯುತ್ತಿತ್ತು. ಹಾಗೋಪ್ ಅವರು ತಾಯಿಯ ಕೆನ್ನೆ ತಟ್ಟುತ್ತಾ ಕರೆಯುತ್ತಲೇ ಇದ್ದರು. ಆಂಬ್ಯುಲೆನ್ಸಿನವರು ಆಮ್ಲಜನಕ ಕೊಟ್ಟ ಮೇಲೆ ಸಿರಾನುಷ್ ಒಮ್ಮೆ ಕೆಮ್ಮಿದರು.

ಕೈಗೂ ಕೆನ್ನೆಗೂ ಸುಟ್ಟ ಗಾಯವಾಗಿತ್ತು. ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಹಾಗೋಪ್ ನನ್ನನ್ನು ಅಪ್ಪಿಕೊಂಡು, “ತಾಯಿಯನ್ನು ಉಳಿಸಿಕೊಟ್ಟಿರಿ,” ಎಂದರು. ಫ್ಯಾನಿನ ವಿಷಯ ನಾನು ಹೇಳಲಿಲ್ಲ. ಕೆಂಡದ ಹತ್ತಿರ ಹೋಗಬಾರದೆಂದು ವೈದ್ಯರು ಹೇಳಿದ್ದರಿಂದ ಗ್ಯಾಸ್ ಒಲೆ ಬಂತು. ತೊನೀರಿನ ಬಾಯಿಗೆ ಹಲಗೆ ಮುಚ್ಚಿ ಮೈದಾ ಚೀಲ ಪೇರಿಸಿದರು. ಯುದ್ಧಕ್ಕೂ ಆರದೆ ಮೂರು ದೇಶಗಳಲ್ಲಿ ಉರಿದ ಒಲೆ ನನ್ನಿಂದ ಆರಿಹೋಗಿತ್ತು.

ಎರಡು ತಿಂಗಳ ನಂತರ ಸರ್ವಿಸಿಗೆ ಹೋದಾಗ ಸಿರಾನುಷ್ ಊಟದ ಮೇಜಿನ ಬಳಿ ಒಬ್ಬರೇ ಕುಳಿತಿದ್ದರು. ಅಷ್ಟೆಲ್ಲ ಹೇಳುವಷ್ಟು ಅರಬ್ಬಿ ನನಗೆ ಬಾರದು; ನಡೆದದ್ದನ್ನು ಅವರಿಗೆ ಹೇಳೆಂದು ಅಶ್ರಫ್‌ನನ್ನು ಕರೆದೆ. “ಬೇಡ ಶೆಟ್ರೆ, ಮುಗಿದದ್ದನ್ನು ಯಾಕೆ ಕೆದಕುವುದು,” ಎಂದ. ನಾನು ಬಿಡಲಿಲ್ಲ. ಅವನು ಎಲ್ಲವನ್ನೂ ಅರಬ್ಬಿಯಲ್ಲಿ ಹೇಳಿದ. ಅವರು ಕೇಳಿಸಿಕೊಂಡು ನಿಧಾನವಾಗಿ ಏನೋ ಕೇಳಿದರು. ನಾನು ಅಶ್ರಫ್‌ನ ಕಡೆ ತಿರುಗಿದೆ.

“ಎಂತ ಹೇಳ್ತಾರೆ?”

“ನಿಲ್ಲಿಸು ಅಂದದ್ದು ನಾನೇ ಅಂತ ಹೇಳ್ತಾರೆ. ಅವರಿಗೆ ಗೊತ್ತಿರುವುದು ರೊಟ್ಟಿ ಮಾತ್ರ ಅಂತೆ. ಗಾಳಿಯ ವಿಷಯ ಓದಿದವರು ನೀವು. ಮತ್ತೆ ಅವರ ಮಾತು ಯಾಕೆ ಕೇಳಿದ್ದು ಅಂತ.”

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು.

“ದಣಿದಿದ್ದೆ,” ಎಂದೆ. ಅದು ಸುಳ್ಳಲ್ಲ. ಆದರೆ ಸುಟ್ಟ ಕಲೆಯ ಆ ಕೆನ್ನೆಯ ಎದುರು ಆಡಿದ ಮೇಲೆ ಅದು ಉತ್ತರವಾಗಿ ಉಳಿಯಲಿಲ್ಲ.

ಈಗ ನಾನು ನಿಲ್ಲಿಸಿದರೆ ಎರಡೂ ಫ್ಯಾನು ನಿಲ್ಲಿಸುತ್ತೇನೆ. ಮ್ಯಾನೇಜರುಗಳು ಕೂಗಾಡುತ್ತಾರೆ, ಕಂಪನಿಗೆ ದೂರು ಹೋಗುತ್ತದೆ, ಮುಂದಿನ ಕೆಲಸ ತಡವಾಗುತ್ತದೆ. ಮನೆಗೆ ಮರಳುವಾಗ ಮೊದಲಿಗಿಂತ ಹೆಚ್ಚು ದಣಿದಿರುತ್ತೇನೆ. ಆದರೆ ಈ ದಣಿವನ್ನು ಹೊರಬಲ್ಲೆ.